ಕಾರವಾರದಿಂದ ವಿಕಾಸ್ ಭವನಕ್ಕೆ: ಕೇರಳ ಲಾಟರಿ ಹಣ ಕೈಸೇರಿದ ದಾರಿ

ಕೇರಳ ಲಾಟರಿಯಲ್ಲಿ ಬಹುಮಾನ ಬಂದಿದೆ, ಟಿಕೆಟ್ ಕೈಯಲ್ಲಿದೆ, ಆದರೆ ನಾವಿರುವುದು ಲಾಟರಿ ನಿಷೇಧವಾದ ಕರ್ನಾಟಕದಲ್ಲಿ. ಮುಂದೇನು? 2025ರ ಜನವರಿಯಲ್ಲಿ ಈ ಪ್ರಶ್ನೆ ಹಿಡಿದುಕೊಂಡು ಕಾರವಾರದಲ್ಲಿ ನಾನು ಕೇಳದ ಜನರಿಲ್ಲ. "ಸುಮ್ನೆ ಹರಿದು ಹಾಕು, ಪೊಲೀಸ್ ಕೇಸ್ ಆಗ್ತದೆ" ಅಂದವರಿದ್ದರು. "ಆಧಾರ್ ತೋರಿಸಿದ್ರೆ ಅಲ್ಲೇ ಎಣಿಸಿ ಕೊಡ್ತಾರೆ" ಅಂದವರೂ ಇದ್ದರು. ಎರಡೂ ಸುಳ್ಳು. ಈಗ ಆದಾಯ ತೆರಿಗೆಯ ಕೊನೆಯ ಕಾಗದವೂ ಬಂದು ಎಲ್ಲ ಮುಗಿದಿದೆ. ನನ್ನ ಹಾಗೆ ಅಲೆಯುವವರಿಗೆ ಸ್ವಲ್ಪ ಸಲೀಸಾಗಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಬೈತಖೋಲ ಬಂದರಿನಿಂದ ಮೀನು ಸಾಗಿಸುವ ಲಾರಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಕಾಸರಗೋಡು, ಕಣ್ಣೂರು ಕಡೆಯ ವ್ಯಾಪಾರಿಗಳಿಂದ ಬಾಕಿ ವಸೂಲಿಗೆ ಆಗಾಗ ಹೋಗಬೇಕಾಗುತ್ತದೆ. ಕಾಸರಗೋಡಿನಲ್ಲಿ ಟಿಕೆಟ್ ಕೊಳ್ಳದೆ ಪೇಟೆ ದಾಟುವುದೇ ಕಷ್ಟ. ಹೋಟೆಲಿನ ಬಾಗಿಲಲ್ಲಿ, ಬಸ್ಸಿನ ಕಿಟಕಿಯಲ್ಲಿ, ಎಲ್ಲಿ ನೋಡಿದರೂ ಟಿಕೆಟ್ ಕಟ್ಟು ಹಿಡಿದವರು. ಅವತ್ತು ಚಿಲ್ಲರೆ ಇಲ್ಲ ಅಂತ ಅಂಗಡಿಯವ ಒಂದು ಅಕ್ಷಯ ಟಿಕೆಟ್ ಕೊಟ್ಟ, ಬೆಲೆ 40 ರೂಪಾಯಿ. ಅದರೊಳಗೇ 28 ಪರ್ಸೆಂಟ್ ಜಿಎಸ್‌ಟಿ ಸೇರಿತ್ತು ಅನ್ನುವುದು ಲೆಕ್ಕದವನಾದ್ದರಿಂದ ನನಗೆ ಗೊತ್ತು. ಅಕ್ಷಯದ ಡ್ರಾ ಆಗ ಇದ್ದದ್ದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ತಿರುವನಂತಪುರದ ಗೋರ್ಕಿ ಭವನದಲ್ಲಿ. ಸೋಮವಾರ ಫಲಿತಾಂಶ ನೋಡಿದಾಗ ನಮ್ಮ ಟಿಕೆಟ್ಟಿಗೆ ಎರಡನೇ ಬಹುಮಾನ, 5 ಲಕ್ಷ.

ಇಲ್ಲಿ ಮೊದಲ ಎಚ್ಚರಿಕೆ. ಇಂಥ ದೊಡ್ಡ ಬಹುಮಾನಕ್ಕೆ ಕೊನೆಯ ಆರಂಕಿ ಕೂಡಿ ಬಂದರೆ ಸಾಲದು, ಅಂಕಿಗಳಿಗಿಂತ ಮೊದಲು ಬರುವ ಎರಡು ಇಂಗ್ಲಿಷ್ ಅಕ್ಷರಗಳೂ ಕೂಡಬೇಕು. ಅದು ಖಚಿತವಾದ ಕೂಡಲೆ ಟಿಕೆಟ್ಟಿನ ಹಿಂದೆ ನಿಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿ ಇಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದ್ದೇ. ಪಿನ್ ಹೊಡೆಯಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಎರಡೂ ಬದಿಯ ಝೆರಾಕ್ಸ್ ತೆಗೆಸಿಟ್ಟು, ಮೂಲ ಟಿಕೆಟ್ಟನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬಹುಮಾನ 5,000ದವರೆಗಿದ್ದರೆ ಅಲ್ಲಿನ ಲಾಟರಿ ಅಂಗಡಿಯಲ್ಲೇ ಹಣ ಸಿಗುತ್ತದೆ. 1 ಲಕ್ಷ ದಾಟಿದರೆ ತಿರುವನಂತಪುರದ ವಿಕಾಸ್ ಭವನದಲ್ಲಿರುವ ಲಾಟರಿ ನಿರ್ದೇಶನಾಲಯವೇ ಗತಿ. ಡ್ರಾ ಆದ ದಿನದಿಂದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು.

ಅದೇ ವಾರ ನಮ್ಮ ಲಾರಿಯ ಕ್ಲೀನರ್ ಹುಡುಗನನ್ನು ಪೊಲೀಸರು ಹಿಡಿದರು. ಓಸಿ, ಅಂದರೆ ಅಂಕಿಯ ಮೇಲೆ ದುಡ್ಡು ಕಟ್ಟುವ ಮಟ್ಕಾ ಜೂಜು, ಬರೆಯುತ್ತಿದ್ದ ಅಂತ. ಕಲಂ 78(3), ಕರ್ನಾಟಕ ಪೊಲೀಸ್ ಕಾಯ್ದೆ. ಎಫ್‌ಐಆರ್ ಪ್ರತಿ ನೋಡಿದೆ: ನಗದು 640 ರೂಪಾಯಿ, ಅಂಕಿ-ಸಂಖ್ಯೆ ಬರೆದ ಓಸಿ ಚೀಟಿ ಒಂದು, ಬಾಲ್‌ಪೆನ್ ಒಂದು. ಓಸಿ ಸುದ್ದಿಯಲ್ಲಿ ಆ ಬಾಲ್‌ಪೆನ್ ಯಾವತ್ತೂ ತಪ್ಪುವುದಿಲ್ಲ. ಹಣ ಕೂಡಿಸುವ ಬುಕ್ಕಿಯ ಹೆಸರು ತಪ್ಪುತ್ತದೆ. ಮಾಲಕರು ಊರಲ್ಲಿರಲಿಲ್ಲ, ಹಾಗಾಗಿ ವಕೀಲರ ಹತ್ತಿರ ಹೋಗುವ ಕೆಲಸ ನನ್ನ ತಲೆಗೆ ಬಂತು. ನನಗೂ ನೋಟರಿ ಬೇಕಿತ್ತು. ಎರಡೂ ಕಡತ ಒಂದೇ ಚೀಲದಲ್ಲಿ ಹಾಕಿಕೊಂಡು ಹೋದೆ.

ವಕೀಲರು ಮೊದಲು ಹುಡುಗನ ಕಾಗದ ನೋಡಿದರು. "ಇದೇನು ದೊಡ್ಡದಲ್ಲ ನಾಯ್ಕರೇ, ತಪ್ಪೊಪ್ಪಿಕೊಂಡ್ರೆ ದಂಡದಲ್ಲಿ ಹೋಗ್ತದೆ" ಅಂದರು. ಆಮೇಲೆ ನನ್ನ ಟಿಕೆಟ್ಟಿನ ಪ್ರತಿ ಮುಂದಿಟ್ಟೆ. ಅದನ್ನು ಕಂಡದ್ದೇ ಕೈ ಹಿಂದೆ ತಗೊಂಡರು. "ಲಾಟರಿ ನಮ್ಮಲ್ಲಿ ಬ್ಯಾನ್ ಅಲ್ದಾ? ಇದಕ್ಕೆ ನಾನು ಸೀಲ್ ಹಾಕಿದ್ರೆ ನಾಳೆ ಯಾರಾದ್ರೂ ಕೇಳಿದ್ರೆ?"

ಅವರ ಅನುಮಾನವನ್ನು ತಳ್ಳಿಹಾಕುವ ಹಾಗಿರಲಿಲ್ಲ. ಆದರೆ ಸಂಜೆ ಪುಸ್ತಕ ತೆಗೆದು ನೋಡಿ ಮರುದಿನ ಅವರೇ ಫೋನ್ ಮಾಡಿದರು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು. 1998ರ ಕೇಂದ್ರದ ಲಾಟರಿ ಕಾಯ್ದೆ ಪ್ರಕಾರ ರಾಜ್ಯ ಸರ್ಕಾರಗಳು ಲಾಟರಿ ನಡೆಸಬಹುದು, ಬೇರೆ ರಾಜ್ಯದ ಲಾಟರಿ ತಮ್ಮಲ್ಲಿ ಮಾರಾಟವಾಗದಂತೆ ತಡೆಯಲೂಬಹುದು. 1999ರಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಷರತ್ತು ಸೇರಿಸಿತು: ತಾನು ಲಾಟರಿ ನಡೆಸದ ರಾಜ್ಯ ಮಾತ್ರ ಬೇರೆಯವರದ್ದನ್ನು ತಡೆಯಬಹುದು. ಕರ್ನಾಟಕ 2007ರಲ್ಲಿ ತನ್ನದನ್ನೂ ನಿಲ್ಲಿಸಿತು, ಹೊರಗಿನದ್ದನ್ನೂ ನಿಲ್ಲಿಸಿತು. ನಿಂತದ್ದು ಇಲ್ಲಿಯ ಮಾರಾಟ. ಕಾಸರಗೋಡಿನಲ್ಲಿ ಕೊಂಡ ಟಿಕೆಟ್ಟಿಗೆ ಕೇರಳದಲ್ಲಿ ಹಣ ಪಡೆಯಲು ಅಡ್ಡಿಯಿಲ್ಲ. ಅದೇ ಟಿಕೆಟ್ಟಿನ ಕಟ್ಟು ತಂದು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಮಾರಿದರೆ ಕೇಸು. 2024ರ ಓಣಂ ಬಂಪರ್‌ನ 25 ಕೋಟಿ ಬಂದದ್ದು ನಮ್ಮದೇ ರಾಜ್ಯದ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ, ಪೇಪರಿನಲ್ಲಿ ಎಲ್ಲರೂ ಓದಿದ್ದೇವೆ. ಆ ಸುದ್ದಿಯ ಪ್ರತಿಯನ್ನೂ ಒಯ್ದು ತೋರಿಸಿದೆ. ಕಾಯ್ದೆಗಿಂತ ಪೇಪರ್ ಕಟಿಂಗಿಗೆ ಜನ ಬೇಗ ಒಪ್ಪುತ್ತಾರೆ, ನಿಮಗೂ ಉಪಯೋಗಕ್ಕೆ ಬರಬಹುದು.

ನಮ್ಮಲ್ಲಿ 2007ರ ತನಕ ಸರ್ಕಾರಿ ಲಾಟರಿಯೇ ಇತ್ತಲ್ಲ. ಅಪ್ಪ ತರುತ್ತಿದ್ದ ಟಿಕೆಟ್ಟುಗಳು ದೇವರ ಪಟದ ಹಿಂದೆ ಸಿಕ್ಕಿಸಿರುತ್ತಿದ್ದದ್ದು ಇನ್ನೂ ಕಣ್ಣಿಗಿದೆ. ಅದನ್ನು ಮಾರುತ್ತಿದ್ದದ್ದು ಸರ್ಕಾರದ್ದೇ ಕಂಪನಿ ಎಂಎಸ್‌ಐಎಲ್. ಲಾಟರಿ ಕೆಟ್ಟದ್ದು ಅಂತ ನಿಂತಿತು. ಈಗ ಅದೇ ಎಂಎಸ್‌ಐಎಲ್ ಊರೂರಿಗೆ ಮದ್ಯದ ಅಂಗಡಿ ತೆರೆದಿದೆ, ಚಿಟ್ ಫಂಡ್ ನಡೆಸುತ್ತದೆ. ನಾನು ಮದ್ಯದ ವಿರೋಧಿಯೂ ಅಲ್ಲ, ಲಾಟರಿಯ ಭಕ್ತನೂ ಅಲ್ಲ. ಹಣ ಬೀಳುವ ಗಲ್ಲೆ ಯಾರದ್ದು ಅನ್ನುವುದರ ಮೇಲೆ ಆಟ ಪಾಪವೋ ಪುಣ್ಯವೋ ಅಂತ ತೀರ್ಮಾನವಾಗುತ್ತದೆ ಅಂತ ಲೆಕ್ಕ ಬರೆಯುವವನಿಗೆ ಕಂಡದ್ದನ್ನು ಹೇಳಿದೆ, ಅಷ್ಟೇ.

ಕಾಗದಪತ್ರಕ್ಕೆ ಬರುತ್ತೇನೆ. ಇಲ್ಲಿಯೇ ಹೆಚ್ಚು ಸಮಯ ಹೋದದ್ದು. ಕ್ಲೇಮ್ ಅರ್ಜಿ, ಟಿಕೆಟ್ಟಿನ ಎರಡೂ ಬದಿಯ ದೃಢೀಕರಿಸಿದ ಪ್ರತಿ, ಗೆಜೆಟೆಡ್ ಅಧಿಕಾರಿ ಇಲ್ಲವೇ ನೋಟರಿ ಸಹಿ ಮಾಡಿದ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ, ಒಂದು ರೂಪಾಯಿ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿದ ರಸೀದಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಸಹಿ ಮಾಡುವವರ ಹೆಸರು, ಹುದ್ದೆ, ಮೊಹರು ಮೂರೂ ಓದುವ ಹಾಗೆ ಬೀಳಬೇಕು.

ಪರಿಚಯದ ಗೆಜೆಟೆಡ್ ಅಧಿಕಾರಿಯೊಬ್ಬರು ಫೋಟೊ ನೋಡಿದರು, ಚಹಾ ಕೊಟ್ಟರು, ಸಹಿ ಮಾತ್ರ ಹಾಕಲಿಲ್ಲ. "ಬೇರೆ ಯಾವುದಕ್ಕೂ ಬೇಕಾದ್ರೆ ಬಾ ಮಾರಾಯಾ" ಅಂದರು. ಕೊನೆಗೆ ಎಲ್ಲದಕ್ಕೂ ಆ ವಕೀಲರೇ ನೋಟರಿ ಮಾಡಿಕೊಟ್ಟರು. ಆಧಾರಿನಲ್ಲಿ ನನ್ನ ಹೆಸರಿನ ಜೊತೆ ತಂದೆಯ ಪೂರ್ತಿ ಹೆಸರು, ಪ್ಯಾನಿನಲ್ಲಿ ಬರೀ ಇನಿಶಿಯಲ್. ಇಬ್ಬರೂ ಒಬ್ಬರೇ ಅಂತ ಇ-ಸ್ಟ್ಯಾಂಪ್ ಕಾಗದದಲ್ಲಿ ಒಂದು ಅಫಿಡವಿಟ್ಟೂ ಆಯಿತು. ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪಿನ ಕತೆ ಕೇಳಬೇಡಿ. ಅಂಚೆ ಕಚೇರಿಯಲ್ಲಿ ಸ್ಟಾಕ್ ಇಲ್ಲ, ಸೊಸೈಟಿಯಲ್ಲಿ ಇದ್ದದ್ದು ಅವರ ಸಾಲಪತ್ರಕ್ಕೆ. ಪೇಟೆಯ ಹಳೇ ಸ್ಟೇಷನರಿ ಅಂಗಡಿಯ ಅಜ್ಜ ಡ್ರಾಯರಿನ ತಳದಿಂದ ಒಂದು ಹಾಳೆ ತೆಗೆದು ಕೊಟ್ಟರು. ಸಿಕ್ಕಿದಾಗ ನಾಲ್ಕೈದು ಹೆಚ್ಚೇ ಕೊಳ್ಳಿ.

ಟಿಕೆಟ್ಟನ್ನು ಬ್ಯಾಂಕಿನ ಮೂಲಕ ಕಳಿಸುವ ದಾರಿಯೂ ಉಂಟು. ಅಷ್ಟು ದೂರ ಹೋಗುವುದು ತಪ್ಪೀತು ಅಂತ ನನ್ನ ಖಾತೆಯಿರುವ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು. "ನಮ್ಮ ಬ್ರಾಂಚಲ್ಲಿ ಇಂಥದ್ದು ಬಂದೇ ಇಲ್ಲ ಸರ್, ರೀಜನಲ್ ಆಫೀಸಿಗೆ ಮೇಲ್ ಹಾಕ್ತೇನೆ" ಅಂದರು. ಮೇಲ್ ಹೋಯಿತು, ಉತ್ತರ ಬರಲಿಲ್ಲ. 30 ದಿನದ ಗಡುವು ಮಾತ್ರ ಓಡುತ್ತಲೇ ಇತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹೆಂಡತಿ ದಿನಕ್ಕೆರಡು ಸಲ ಕಪಾಟು ತೆಗೆದು ಟಿಕೆಟ್ ಇದೆಯಾ ಅಂತ ನೋಡುವುದು, ನಾನು ಅವಳಿಗೆ ಗೊತ್ತಾಗದ ಹಾಗೆ ನೋಡುವುದು.

ಈ ನಡುವೆ ಸುದ್ದಿ ಹೇಗೋ ಹೊರಗೆ ಹೋಗಿತ್ತು. ಪರಿಚಯವಿಲ್ಲದ ಒಬ್ಬರು ಬಂದು, "ಅಣ್ಣಾ, ಎಲ್ಲ ಕಳೆದು ನಿಮ್ಮ ಕೈಗೆ ಎಷ್ಟು ಬರ್ತದೆ? ಅದಕ್ಕಿಂತ ಜಾಸ್ತಿ ಕ್ಯಾಶ್ ಕೊಡ್ತೇವೆ, ಟಿಕೆಟ್ ಕೊಡಿ" ಅಂದರು. ಮೂರೂವರೆ ಲಕ್ಷ. ಕೇಳಲು ಚೆನ್ನಾಗಿತ್ತು. ಅವರಿಗೆ ಬೇಕಾದದ್ದು ಲಾಟರಿಯಲ್ಲ, ಕಪ್ಪು ಹಣಕ್ಕೊಂದು ಬಿಳಿ ಕಾಗದ. ಲಾಟರಿ ಹೊಡೆಯಿತು ಅಂತ ಸರ್ಕಾರವೇ ಕೊಟ್ಟ ಪತ್ರಕ್ಕಿಂತ ಬಿಳಿ ಯಾವುದಿದೆ? ಇಂಥವರು ನಿಮ್ಮಲ್ಲಿಗೂ ಬರಬಹುದು. ಬಾಗಿಲಲ್ಲೇ ಕಳಿಸಿಬಿಡಿ. ವಾಟ್ಸಾಪಿನಲ್ಲಿ ಕೇರಳ ಲಾಟರಿ ಮಾರುತ್ತೇವೆ ಅನ್ನುವವರೂ ಹಾಗೆಯೇ. ಕೇರಳದ್ದು ಕಾಗದದ ಟಿಕೆಟ್ ಮಾತ್ರ, ಆನ್‌ಲೈನ್ ಮಾರಾಟವೇ ಇಲ್ಲ.

ಬ್ಯಾಂಕಿನ ಆಸೆ ಬಿಟ್ಟು ನೇತ್ರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದೆ. ಶಿರವಾಡದ ನಮ್ಮ ಸ್ಟೇಷನ್ನಿಗೆ ರಾತ್ರಿ ಬರುವ ಗಾಡಿ, ತಿರುವನಂತಪುರ ಮುಟ್ಟುವಾಗ ಮರುದಿನ ಸಂಜೆ ದಾಟಿತ್ತು. ಟಿಕೆಟ್ ಪ್ಲಾಸ್ಟಿಕ್ ಕವರಿನಲ್ಲಿ, ಕವರು ಡೈರಿಯೊಳಗೆ, ಡೈರಿ ಅಂಗಿಯೊಳಗೆ. ದಾರಿಯುದ್ದಕ್ಕೂ ಅಂಗಿ ಬದಲಿಸಲಿಲ್ಲ. ತಂಪಾನೂರಿನಲ್ಲಿ ಸ್ಟೇಷನ್ ಎದುರೇ ಲಾಡ್ಜುಗಳಿವೆ, ಬೆಳಿಗ್ಗೆ ಆಟೋದವನಿಗೆ ವಿಕಾಸ್ ಭವನ ಅಂದರೆ ಸಾಕು.

ಅಲ್ಲಿ ಹೋದ ಮೇಲೆ ನನಗೆ ವಿಚಿತ್ರ ಅನ್ನಿಸಿದ್ದು, ಯಾರೂ ನನ್ನನ್ನು ವಿಚಿತ್ರವಾಗಿ ನೋಡದೇ ಇದ್ದದ್ದು. ನಮ್ಮಲ್ಲಿ ಪಹಣಿಗೆ ಬಂದವರನ್ನು ನೋಡಿದ ಹಾಗೆ ನೋಡಿದರು. 1967ರಲ್ಲಿ ಶುರುವಾದ ಇಲಾಖೆ, ಮೊದಲ ಡ್ರಾ 1968ರ ಜನವರಿ 26ಕ್ಕೆ, ಒಂದು ರೂಪಾಯಿ ಟಿಕೆಟ್ಟಿಗೆ 50,000 ಬಹುಮಾನ. ಅಂದಿನಿಂದ ಅದೇ ಕೆಲಸ. ಕೌಂಟರಿನಲ್ಲಿದ್ದ ಒಬ್ಬರು ಮಂಜೇಶ್ವರದವರು, ಕನ್ನಡ ಬರುತ್ತಿತ್ತು. ಟಿಕೆಟ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿಯಲ್ಲಿದ್ದ ಏಜೆಂಟರ ಮೊಹರಿನ ಮೇಲೆ ಬೆರಳಿಟ್ಟು, "ಇದೊಂದು ಸರಿಯುಂಟು" ಅಂದರು. ರಸೀದಿಯಲ್ಲಿ ನನ್ನ ಸಹಿ ಸ್ಟ್ಯಾಂಪಿನ ಪಕ್ಕದಲ್ಲಿತ್ತು, ಅದು ಸ್ಟ್ಯಾಂಪಿನ ಮೇಲೆಯೇ ಹಾಯಬೇಕಂತೆ. ಹೆಚ್ಚಿಗೆ ಕೊಂಡ ಸ್ಟ್ಯಾಂಪು ಅಲ್ಲಿ ಕೆಲಸಕ್ಕೆ ಬಂತು. ಪಾಸ್‌ಬುಕ್ಕಿನಲ್ಲೊಂದು ತೊಡಕು: ಬ್ಯಾಂಕು ವಿಲೀನವಾಗಿ ವರ್ಷಗಳಾದರೂ ನನ್ನದರಲ್ಲಿ ಹಳೇ ಐಎಫ್‌ಎಸ್‌ಸಿ. ಊರಿಗೆ ಫೋನ್ ಮಾಡಿ, ಹೆಂಡತಿ ಬ್ರಾಂಚಿಗೆ ಹೋಗಿ, ಹೊಸ ಕೋಡಿನ ಪತ್ರ ಮೇಲ್ ಮಾಡಿಸಿ, ಅಲ್ಲೊಂದು ಅಂಗಡಿಯಲ್ಲಿ ಪ್ರಿಂಟ್ ತೆಗೆಯುವಾಗ ಊಟದ ಹೊತ್ತು ಮೀರಿತ್ತು. ಹೊರಡುವ ಮೊದಲೇ ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಿ. ಸಂಜೆಯೊಳಗೆ ಸ್ವೀಕೃತಿ ಕೈಗೆ ಬಂತು. ಟಿಕೆಟ್ ಬಿಟ್ಟು ಬರುವಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಇನ್ನು ಉಳಿದದ್ದು ಆ ಚೀಟಿಯೊಂದೇ.

ಹಣ ಬರಲು ವಾರಗಳೇ ಹಿಡಿದವು. ಕಾಯುವಾಗ ಮನಸ್ಸು ಬೇರೆಬೇರೆ ಕಡೆ ಹೋಗುತ್ತದೆ. ಒಂದು ಶನಿವಾರ ಲಾರಿಯ ಕಾಗದದ ವಿಷಯಕ್ಕೆ ಗೋವಾ ಗಡಿಯ ಮಾಜಾಳಿ ಗೇಟಿಗೆ ಹೋಗಿದ್ದೆ. ಗೋವಾ ಕಡೆಗೆ ಒಂದರ ಹಿಂದೊಂದು ಕೆಎ ನಂಬರಿನ ಕಾರುಗಳು. ಎಲ್ಲರೂ ಬೀಚಿಗೇ ಹೋಗುತ್ತಾರೆ ಅಂತ ನಂಬುವಷ್ಟು ಮುಗ್ಧರು ಕಾರವಾರದಲ್ಲಿ ಯಾರೂ ಇಲ್ಲ. ಪೊಳೆಂ ದಾಟಿ ಪಣಜಿಗೆ ಹೋದರೆ ಮಾಂಡೋವಿಯಲ್ಲಿ ಕ್ಯಾಸಿನೊ ಹಡಗುಗಳು. 1976ರ ಗೋವಾದ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲಿನಲ್ಲಿ ಯಂತ್ರದ ಆಟಕ್ಕೆ, 1996ರಲ್ಲಿ ನೀರಿನ ಮೇಲಿನ ಹಡಗಿಗೆ ಅವಕಾಶ ಮಾಡಿಕೊಟ್ಟರು. 2020ರಿಂದ ಗೋವಾದವರಿಗೇ ಒಳಗೆ ಪ್ರವೇಶವಿಲ್ಲ. ಅಂದರೆ ನಮ್ಮವರು ಹೋಗಿ ಆಡಬಹುದು, ಅಲ್ಲಿಯವರು ಆಡಬಾರದು! ಆ ಹಡಗಿನಲ್ಲಿ ಅಂದರ್ ಬಾಹರಿಗೂ ಮೇಜುಂಟು. ಅದೇ ಅಂದರ್ ಬಾಹರನ್ನು ಶಿರಸಿ ಕಡೆ ಕಾಡಿನ ಅಂಚಿನಲ್ಲಿ ತಾಡಪಾಲು ಹಾಸಿ ಆಡಿದವರ ಸುದ್ದಿ, ವಶಪಡಿಸಿಕೊಂಡ ಬೈಕುಗಳ ಫೋಟೊ ಸಮೇತ, ಮರುದಿನದ ಪೇಪರಿನಲ್ಲಿ. ಬೆಂಗಳೂರಿನ ರೇಸ್‌ಕೋರ್ಸಿಗೆ ಹೋದರೆ ಕುದುರೆಯ ಮೇಲೆ ಕಟ್ಟಬಹುದು, ಅದು ಕೌಶಲ್ಯದ ಆಟ ಅಂತ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದೆ. ಹುಂಜದ ಮೇಲೆ ಕಟ್ಟಿದರೆ ಠಾಣೆ. ಇನ್ನು ಗಣೇಶೋತ್ಸವದ ಕೂಪನ್ ಚೀಟಿ, ಮೊದಲ ಬಹುಮಾನ ಸ್ಕೂಟರ್: ಅದನ್ನು ಎತ್ತಲು ಊರಿನ ಗಣ್ಯರನ್ನೇ ವೇದಿಕೆಗೆ ಕರೆಯುತ್ತಾರೆ.

ಮಾರ್ಚ್ ಮುಗಿಯುವ ಮೊದಲು ಖಾತೆಗೆ ಹಣ ಬಂತು. 5 ಲಕ್ಷ ಅಂತ ಕನಸು ಕಟ್ಟುವವರು ಈ ಲೆಕ್ಕ ನೋಡಿಕೊಳ್ಳಿ. ಮೊದಲು ಏಜೆಂಟರ ಪಾಲು 10 ಪರ್ಸೆಂಟ್, 50,000. ಉಳಿದ ನಾಲ್ಕೂವರೆ ಲಕ್ಷದ ಮೇಲೆ 30 ಪರ್ಸೆಂಟ್ ಟಿಡಿಎಸ್ (ಕೊಡುವ ಮೊದಲೇ ಕತ್ತರಿಸುವ ತೆರಿಗೆ), 1,35,000. ಕೈಗೆ 3,15,000. ಫೋಟೊ, ನೋಟರಿ, ಅಫಿಡವಿಟ್, ರೈಲು, ಲಾಡ್ಜು ಎಲ್ಲ ಸೇರಿ ನನಗೆ ಆರು ಸಾವಿರದ ಹತ್ತಿರ ಖರ್ಚಾಗಿತ್ತು. ಬೇಜಾರಿಲ್ಲ, ಸೊಸೈಟಿಯಲ್ಲಿಟ್ಟ ಹೆಂಡತಿಯ ಬಂಗಾರ ಬಿಡಿಸಿದೆವು. ಕಾಸರಗೋಡಿನ ಅಂಗಡಿಯವ ನನಗಿಂತ ಹೆಚ್ಚು ಖುಷಿಯಲ್ಲಿದ್ದ, ಬ್ಯಾನರ್ ಹಾಕಿಸಿದ್ದ. ನನ್ನ ಫೋಟೊ ಕೇಳಿದ, ಕೊಡಲಿಲ್ಲ.

ಟಿಡಿಎಸ್ ಕತ್ತರಿಸಿದ್ದಾರೆ, ಇನ್ನೇನು ಅಂತ ಬಿಡಬೇಡಿ. ರಿಟರ್ನ್ ಹಾಕಲೇಬೇಕು. ಲಾಟರಿ ಹಣ ಇದ್ದರೆ ಐಟಿಆರ್-1 ಫಾರಂ ನಡೆಯುವುದಿಲ್ಲ, ಸಂಬಳದವರಾದರೆ ಐಟಿಆರ್-2. ಇಷ್ಟು ಲಕ್ಷದವರೆಗೆ ತೆರಿಗೆಯಿಲ್ಲ ಅನ್ನುವ ಮೂಲ ವಿನಾಯಿತಿ ಈ ಹಣಕ್ಕೆ ಅನ್ವಯವಾಗದು, ಎಲ್‌ಐಸಿ ಕಂತು ತೋರಿಸಿದರೂ ಕಡಿಮೆಯಾಗದು, ಹಿಂದೆ ಕೊಂಡು ಸೋತ ಟಿಕೆಟ್ಟುಗಳ ದುಡ್ಡನ್ನೂ ಕಳೆಯುವ ಹಾಗಿಲ್ಲ. ತೆರಿಗೆ 30 ಪರ್ಸೆಂಟ್, ಅದರ ಮೇಲೆ 4 ಪರ್ಸೆಂಟ್ ಸೆಸ್. ಟಿಡಿಎಸ್‌ನಲ್ಲಿ ಈ ಸೆಸ್ ಸೇರಿರುವುದಿಲ್ಲ, ಹಾಗಾಗಿ ಇನ್ನೂ 5,400 ನಾನೇ ಚಲನ್ ಕಟ್ಟಿದೆ. ಮಾರ್ಚಿನಲ್ಲಿ ಕಡಿತವಾದದ್ದು, ಕತ್ತರಿಸಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಲು ಜೂನ್ ತನಕ ಕಾಯಬೇಕಾಯಿತು. ಅದು ಕಾಣುವ ಮೊದಲು ರಿಟರ್ನ್ ಹಾಕಲು ಹೋಗಬೇಡಿ.

1961ರ ಆದಾಯ ತೆರಿಗೆ ಕಾಯ್ದೆಯ 115ಬಿಬಿ ಕಲಮನ್ನು ಒಮ್ಮೆ ಓದಿ. ಲಾಟರಿ, ರೇಸು, ಇಸ್ಪೀಟು, ಯಾವುದೇ ಬಗೆಯ ಜೂಜು, ಎಲ್ಲಕ್ಕೂ ಒಂದೇ ದರ. ಕಾನೂನಿನ ಒಳಗಿನದೋ ಹೊರಗಿನದೋ ಅಂತ ಅಲ್ಲಿ ಪ್ರಶ್ನೆಯೇ ಇಲ್ಲ. ಓಸಿಯಲ್ಲಿ ಗೆದ್ದವನೂ ಲೆಕ್ಕ ಕೊಡಬೇಕು. ಕೊಟ್ಟವರನ್ನು ನಾನು ಕಂಡಿಲ್ಲ.

ಆ ವರ್ಷ ಜುಲೈ 31ರ ಗಡುವನ್ನು ಸೆಪ್ಟೆಂಬರ್‌ಗೆ ಮುಂದೂಡಿದ್ದರು. ನಾನು ರಿಟರ್ನ್ ತುಂಬುತ್ತಿದ್ದ ಹೊತ್ತಿಗೇ ಸಂಸತ್ತಿನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸಾಗಿ, ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದುಡ್ಡು ಕಟ್ಟಿ ಆಡುವ ರಮ್ಮಿ ಆ್ಯಪುಗಳೆಲ್ಲ ಬಂದ್. ನಮ್ಮ ರಾಜ್ಯ 2021ರಲ್ಲೇ ಪೊಲೀಸ್ ಕಾಯ್ದೆ ತಿದ್ದಿ ಇದನ್ನು ನಿಷೇಧಿಸಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟು ಅದನ್ನು ರದ್ದು ಮಾಡಿತ್ತು. 2023ರ ಅಕ್ಟೋಬರಿನಿಂದ ಅದೇ ಆ್ಯಪುಗಳಿಗೆ ಕಟ್ಟಿದ ಪೂರ್ತಿ ಹಣದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಹಾಕಿದ್ದರು. ಮೊದಲು ನಿಷೇಧ, ಆಮೇಲೆ ಸರಿ, ಆಮೇಲೆ ತೆರಿಗೆ, ಆಮೇಲೆ ಮತ್ತೆ ನಿಷೇಧ. ನಮ್ಮ ಕ್ಲೀನರ್ ಹುಡುಗ ಓಸಿ ಬಿಟ್ಟು ಫೋನಿನಲ್ಲಿ ರಮ್ಮಿ ಹಿಡಿದಿದ್ದ. "ಇದು ಲೀಗಲ್ ಅಣ್ಣಾ, ಟಿವಿಯಲ್ಲೇ ಬರ್ತದೆ" ಅನ್ನುತ್ತಿದ್ದ. ಅದೂ ಹೋಯಿತು. ಒಂದೇ ತಿಂಗಳ ಅಂತರದಲ್ಲಿ, ಸೆಪ್ಟೆಂಬರ್ 22ರಿಂದ, ಲಾಟರಿ, ಕ್ಯಾಸಿನೊ, ರೇಸಿನ ಮೇಲಿನ ಜಿಎಸ್‌ಟಿ 40 ಪರ್ಸೆಂಟಿಗೆ ಏರಿತು. ಅವು ಮಾತ್ರ ನಡೆಯುತ್ತಿವೆ.

ರಿಟರ್ನ್ ಪ್ರೋಸೆಸ್ ಆಗಿ, ಲೆಕ್ಕ ನೋಡಿ ತೆರಿಗೆ ಇಲಾಖೆ ಕಳಿಸುವ 143(1)ರ ಪತ್ರ ಇ-ಮೇಲಿಗೆ ಬಂತು, ಬಾಕಿ ಸೊನ್ನೆ. ಸ್ವೀಕೃತಿ, ಬ್ಯಾಂಕ್ ಸ್ಟೇಟ್‌ಮೆಂಟು, ಟಿಡಿಎಸ್ ಪ್ರಮಾಣಪತ್ರವಾದ 16ಎ, ಚಲನ್, ಈ ಪತ್ರ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಇಷ್ಟು ಹಣ ಒಮ್ಮೆಲೇ ಎಲ್ಲಿಂದ ಬಂತು ಅಂತ ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುತ್ತಾರೆ, ನನ್ನನ್ನು ಆಗಲೇ ಕೇಳಿದ್ದಾರೆ.

ಹುಡುಗನ ಕೇಸಿಗೆ ಸಮನ್ಸ್ ಬಂದದ್ದು ಮಳೆಗಾಲದಲ್ಲಿ. ತಪ್ಪೊಪ್ಪಿಕೊಂಡ, ದಂಡ ಕಟ್ಟಿದ, ಮಧ್ಯಾಹ್ನಕ್ಕೆ ಹೊರಗೆ ಬಂದ. ಮುಗಿಯಿತು ಅಂದುಕೊಂಡಿದ್ದೆವು. ಈಗ ಅವನಿಗೆ ಗಲ್ಫಿನಲ್ಲಿ ಡ್ರೈವರ್ ಕೆಲಸ ಸಿಕ್ಕಿದೆ, ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಆ ಬಾಲ್‌ಪೆನ್ನಿನ ಕೇಸು ಎದ್ದು ಕೂತಿದೆ. ಕೋರ್ಟಿನ ಆದೇಶದ ಸರ್ಟಿಫೈಡ್ ಕಾಪಿ ತನ್ನಿ ಅಂದಿದ್ದಾರೆ. ಅರ್ಜಿ ಹಾಕಿ ಕಾಯುತ್ತಿದ್ದೇವೆ. ಇಂಥ ಕೇಸಿನಲ್ಲಿ ದಂಡ ಕಟ್ಟುವವರು ಯಾರಾದರೂ ಇದ್ದರೆ ಅವತ್ತೇ ಕಾಪಿಗೆ ಅರ್ಜಿ ಕೊಡಿ, ದಂಡದ ರಸೀದಿಯನ್ನೂ ಜೋಪಾನವಾಗಿಡಿ.